ಲಿನಕ್ಸ್ ಡೆಸ್ಕ್‌ಟಾಪ್ ಸುಧಾರಣೆ: ಬಳಕೆದಾರರ ಸಲಹೆ ಯಾರಿಗೆ, ಹೇಗೆ, ಏಕೆ?

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯೊಂದರ ಸುದ್ದಿಯನ್ನು ಇತರ ಗಣಕಾಸಕ್ತರಿಗೆ ತಿಳಿಸಿದರು. ಆಗ ಚಾಲ್ತಿಯಲ್ಲಿದ್ದ ಮಿನಿಕ್ಸ್ ವ್ಯವಸ್ಥೆಯಲ್ಲಿ ಜನರಿಗೆ ಏನು ಹಿಡಿಸಿದೆ, ಏನು ಹಿಡಿಸಿಲ್ಲ, ಹೊಸದರಲ್ಲಿ ಏನಿರಬೇಕು ಎಂದು ಅವರು ವಿಚಾರಿಸಿದ್ದರು. ಸಲಹೆಗಳಿಗೆ ಸ್ವಾಗತವಿದೆ, ಆದರೆ ಎಲ್ಲವನ್ನೂ ಜಾರಿಗೆ ತರುವ ಭರವಸೆ ಇಲ್ಲ ಎಂಬುದು ಅವರ ನಿಲುವಾಗಿತ್ತು. ಮುಂದೆ ಲಿನಕ್ಸ್ ಎಂದು ಹೆಸರಾದ ಆ ವ್ಯವಸ್ಥೆ ಮೂರು ದಶಕಗಳಿಗೂ ಹೆಚ್ಚು ಕಾಲ ಬೆಳೆದಿರುವುದು ಈ ಎರಡು ಮಾತುಗಳ ನಡುವೆಯೇ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಗಟ್ಟಿಮುಟ್ಟಾಗಿಯೇ ಇರುವ ಹಳೆಯ ಗಣಕವನ್ನು ಎಸೆಯಲು ಮನಸ್ಸಿಲ್ಲದವರಿಗೆ ಲಿನಕ್ಸ್ ಒಂದು ದಾರಿ. ಆದರೆ ಹೊಸದಾಗಿ ಬಂದವರಿಗೆ ಕೆಲವು ತೊಡಕುಗಳು ಎದುರಾಗುತ್ತವೆ. ಕೀಲಿಮಣೆ ಬೇರೆಯಾಗಿರುತ್ತದೆ, ಮುದ್ರಕ ಸ್ಪಂದಿಸುವುದಿಲ್ಲ, ಕನ್ನಡದ ಒತ್ತಕ್ಷರ ಎಲ್ಲೋ ಒಂದೆಡೆ ಕೆಡುತ್ತದೆ. ಇಂತಹ ಸಂದರ್ಭದಲ್ಲಿ ಬಹುತೇಕರು ಗೊಣಗಿ ಸುಮ್ಮನಾಗುತ್ತಾರೆ. ಗೊಣಗುವ ಬದಲು ಸಲಹೆ ಸಲ್ಲಿಸಲು ಅಧಿಕೃತ ಏರ್ಪಾಡು ಇದೆ. ಅದರ ಸ್ವರೂಪವೇನು, ಕನ್ನಡ ಬಳಕೆದಾರರು ಅದನ್ನು ಹೇಗೆ ಬಳಸಿಕೊಳ್ಳಬಹುದು ಎಂಬ ವಿವರ ಇಲ್ಲಿದೆ.

ವಿತರಣೆ ಎಂದರೇನು?

ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಯಂತ್ರಾಂಶವನ್ನು ನಿಭಾಯಿಸುವ ತಿರುಳು ಮಾತ್ರ. ಅದರ ಮೇಲೆ ಗ್ನೂ ಯೋಜನೆಯ ಸಲಕರಣೆಗಳು, ಗ್ನೋಮ್ ಅಥವಾ ಕೆಡಿಇಯಂತಹ ಡೆಸ್ಕ್‌ಟಾಪ್ ಪರಿಸರ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮುಂತಾದ ಆನ್ವಯಿಕ ತಂತ್ರಾಂಶಗಳು, ಫಾಂಟುಗಳು, ಕೀಲಿಮಣೆ ವಿನ್ಯಾಸಗಳು ಎಲ್ಲವನ್ನೂ ಹೊಂದಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ನೀಡುವುದಕ್ಕೆ ವಿತರಣೆ ಎಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್, 2003ರ ಫೆಡೋರಾ, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್ ಇವು ಪ್ರಸಿದ್ಧ ವಿತರಣೆಗಳು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧರಿಸಿ ರೂಪಿಸಿದ ಬಾಸ್ ವಿತರಣೆ 2007ರಲ್ಲಿ ಹೊರಬಂದಿತು. ಭಾರತೀಯ ಭಾಷೆಗಳಿಗೆ ಬೆಂಬಲ ಒದಗಿಸುವುದು ಅದರ ಘೋಷಿತ ಉದ್ದೇಶಗಳಲ್ಲಿ ಒಂದು.

ಈ ರಚನೆಯನ್ನು ಅರಿಯುವುದು ಸಲಹೆ ನೀಡುವವರಿಗೆ ಬಹಳ ಮುಖ್ಯ. ವಿತರಣೆಯನ್ನು ಕಟ್ಟುವವರು ಅದರೊಳಗಿನ ಎಲ್ಲ ಭಾಗಗಳನ್ನೂ ತಾವೇ ಬರೆದಿರುವುದಿಲ್ಲ. ಪೂರ್ವನಿಯೋಜಿತವಾಗಿ ಯಾವ ಫಾಂಟ್ ಇರಬೇಕು ಎಂಬುದು ವಿತರಣೆಯ ತೀರ್ಮಾನ. ಆ ಫಾಂಟಿನ ಒಂದು ಅಕ್ಷರದ ಆಕಾರ ತಪ್ಪಿದ್ದರೆ ಅದನ್ನು ತಿದ್ದಬೇಕಾದವರು ಫಾಂಟ್ ರೂಪಿಸಿದವರು. ಇಂತಹ ಮೂಲ ಯೋಜನೆಗಳನ್ನು ತಂತ್ರಜ್ಞರು ನದಿಯ ಮೇಲ್ಗಡೆ ಎಂಬ ಅರ್ಥದಲ್ಲಿ ಅಪ್‌ಸ್ಟ್ರೀಮ್ ಎನ್ನುತ್ತಾರೆ. ಮೇಲ್ಗಡೆ ತಿದ್ದಿದ ದೋಷ ಕೆಳಗಿನ ಎಲ್ಲ ವಿತರಣೆಗಳಿಗೂ ಕಾಲಕ್ರಮದಲ್ಲಿ ಹರಿದು ಬರುತ್ತದೆ.

ಸಲಹೆಗಳಿಗೆ ಇರುವ ವ್ಯವಸ್ಥೆ

ಡೆಬಿಯನ್ ಯೋಜನೆ 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಪ್ಪಂದದಲ್ಲಿ ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬ ವಚನವಿದೆ. ಅದರಂತೆ ಅಲ್ಲಿನ ದೋಷಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ವರದಿಗಳನ್ನು ಅವುಗಳ ತೀವ್ರತೆಗೆ ಅನುಗುಣವಾಗಿ ವಿಂಗಡಿಸಲಾಗುತ್ತದೆ. ಈ ಶ್ರೇಣಿಯ ಕೊನೆಯ ಮೆಟ್ಟಿಲಿಗೆ ವಿಶ್‌ಲಿಸ್ಟ್, ಅಂದರೆ ಅಪೇಕ್ಷಾಪಟ್ಟಿ ಎಂದು ಹೆಸರು. ಇರುವುದು ಕೆಟ್ಟಿದೆ ಎಂಬುದು ದೋಷವರದಿ. ಇಲ್ಲದಿರುವುದು ಬೇಕು ಎಂಬುದು ಅಪೇಕ್ಷೆ. ಇವೆರಡನ್ನೂ ಬೆರೆಸದಿರುವುದು ಸಲಹೆಗಾರರು ಕಲಿಯಬೇಕಾದ ಮೊದಲ ಪಾಠ.

ಉಬುಂಟು ಈ ವಿಷಯದಲ್ಲಿ ಹಲವು ಪ್ರಯೋಗಗಳನ್ನು ನಡೆಸಿದೆ. ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ 2004ರ ಆಗಸ್ಟಿನಲ್ಲಿ ದಾಖಲಿಸಿದ ಒಂದನೆಯ ಕ್ರಮಾಂಕದ ದೋಷ, ಗಣಕ ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಹಿಡಿತದಲ್ಲಿದೆ ಎಂಬುದಾಗಿತ್ತು. ಮೊಬೈಲ್ ಹಾಗೂ ಟ್ಯಾಬ್ಲೆಟ್‌ಗಳಿಂದ ಪರಿಸ್ಥಿತಿ ಬದಲಾಗಿದೆ ಎಂದು 2013ರ ಮೇ ತಿಂಗಳಲ್ಲಿ ಅವರೇ ಅದನ್ನು ಮುಕ್ತಾಯಗೊಳಿಸಿದರು. 2008ರ ಫೆಬ್ರುವರಿಯಲ್ಲಿ ಬ್ರೈನ್‌ಸ್ಟಾರ್ಮ್ ಎಂಬ ಏರ್ಪಾಡು ಬಂದಿತು. ಬಳಕೆದಾರರು ವಿಚಾರ ಮಂಡಿಸುವುದು, ಉಳಿದವರು ಮತ ಹಾಕುವುದು ಅದರ ಕ್ರಮ. ಮತ ಗಳಿಸಿದ ವಿಚಾರವನ್ನೂ ಕಾರ್ಯಗತಗೊಳಿಸಲು ಒಬ್ಬ ತಂತ್ರಜ್ಞ ಬೇಕೇ ಬೇಕು. ಆ ಏರ್ಪಾಡು 2013ರಲ್ಲಿ ನಿಂತುಹೋಯಿತು.

2009ರಲ್ಲಿ ಆರಂಭವಾದ ನೂರು ಪೇಪರ್‌ಕಟ್ ಯೋಜನೆ ಇದಕ್ಕಿಂತ ಭಿನ್ನ. ಕಾಗದದ ಅಂಚು ಬೆರಳಿಗೆ ತಾಗಿ ಆಗುವ ಗಾಯ ಚಿಕ್ಕದು, ಆದರೆ ದಿನವಿಡೀ ಉರಿಯುತ್ತದೆ. ಹಾಗೆಯೇ ಸಾಮಾನ್ಯ ಬಳಕೆದಾರರಿಗೆ ಪದೇ ಪದೇ ಕಿರಿಕಿರಿ ಮಾಡುವ, ಸುಲಭವಾಗಿ ತಿದ್ದಬಹುದಾದ ಸಣ್ಣ ಲೋಪಗಳನ್ನಷ್ಟೇ ಆಯ್ದು ಸರಿಪಡಿಸುವುದು ಅದರ ಗುರಿಯಾಗಿತ್ತು. ಸಲಹೆ ಚಿಕ್ಕದಾಗಿ, ಖಚಿತವಾಗಿ ಇದ್ದಷ್ಟೂ ಅದನ್ನು ಕೈಗೆತ್ತಿಕೊಳ್ಳುವುದು ಸುಲಭ ಎಂಬುದಕ್ಕೆ ಈ ಯೋಜನೆ ಒಳ್ಳೆಯ ನಿದರ್ಶನ.

ಮಾಕಳಿದುರ್ಗ: ಒಂದು ಹೆಸರಿನ ಪರೀಕ್ಷೆ

ಕನ್ನಡಕ್ಕೆ ಸಂಬಂಧಿಸಿದ ಸಲಹೆ ಯಾವ ಪದರಕ್ಕೆ ಸೇರುತ್ತದೆ ಎಂಬುದನ್ನು ತಿಳಿಯಲು ಒಂದು ಊರಿನ ಹೆಸರೇ ಸಾಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗ ಬೆಟ್ಟದ ಕೋಟೆ ಬೆಂಗಳೂರಿನ ಚಾರಣಿಗರಿಗೆ ಪರಿಚಿತ. ಯಲಹಂಕದಿಂದ ಗೌರಿಬಿದನೂರಿನತ್ತ ಸಾಗುವ ರೈಲು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವೂ ಇದೆ. ಈ ಹೆಸರು ಕಣ್ಣಿಗೆ ಐದು ಅಕ್ಷರ: ಮಾ, ಕ, ಳಿ, ದು, ರ್ಗ. ಗಣಕದ ಒಳಗೆ ಯುನಿಕೋಡ್ ಪ್ರಕಾರ ಅದು ಹತ್ತು ಸಂಕೇತಗಳ ಸಾಲು. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ 30 ಬೈಟ್.

ಮೊದಲನೆಯ ಪದರ ಕೀಲಿಮಣೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದ ಕಗಪ ವಿನ್ಯಾಸ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಆದರೆ ಎರಡು ರೂಪಗಳಲ್ಲಿ. ಒಂದು, ವ್ಯವಸ್ಥೆಯ ಮೂಲ ಕೀಲಿನಕ್ಷೆಯ ಭಾಗವಾಗಿರುವುದು. ಇನ್ನೊಂದು, ಐಬಸ್ ಎಂಬ ಊಡಿಕೆ ವ್ಯವಸ್ಥೆಯ ಮೂಲಕ ಎಮ್17ಎನ್ ಸಂಗ್ರಹದಿಂದ ಬರುವುದು. ಮೂಲ ಕೀಲಿನಕ್ಷೆ ಒತ್ತಿದ ಕೀಲಿಗೆ ಒಂದು ಸಂಕೇತವನ್ನಷ್ಟೇ ಕೊಡುತ್ತದೆ, ಹಿಂದೆ ಏನು ಒತ್ತಲಾಗಿತ್ತು ಎಂಬುದನ್ನು ನೋಡುವುದಿಲ್ಲ. ಊಡಿಕೆ ವ್ಯವಸ್ಥೆಗೆ ಸಂದರ್ಭದ ಅರಿವಿದೆ. ಒಂದೇ ಕೀಲಿ ವ್ಯಂಜನದ ನಂತರ ಗುಣಿತ ಚಿಹ್ನೆಯನ್ನೂ, ಪದದ ಆದಿಯಲ್ಲಿ ಪೂರ್ಣ ಸ್ವರವನ್ನೂ ಕೊಡಬೇಕಾದರೆ ಈ ಅರಿವು ಅಗತ್ಯ. ಹೀಗಾಗಿ ಕಗಪ ಸರಿಯಿಲ್ಲ ಎಂಬ ದೂರು ಬಂದಾಗ ಯಾವ ಕಗಪ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ತಿಳಿಸದ ವರದಿ ಅಲ್ಲಿಯೇ ನಿಲ್ಲುತ್ತದೆ.

ಎರಡನೆಯದು ಅಕ್ಷರ ಜೋಡಣೆ. ದುರ್ಗದ ರ್ಗ ಅಕ್ಷರದಲ್ಲಿ ರಕಾರವನ್ನು ಮೊದಲು ಊಡಿದರೂ ಅರ್ಕಾವತ್ತು ಗಕಾರದ ನಂತರ ಮೂಡಬೇಕು. ಈ ಸ್ಥಾನಪಲ್ಲಟ ಮಾಡುವುದು ಹಾರ್ಫ್‌ಬಜ್‌ನಂತಹ ಜೋಡಣಾ ತಂತ್ರಾಂಶ ಮತ್ತು ಫಾಂಟಿನೊಳಗಿನ ನಿಯಮಗಳು. ರ‍್ಯಾಂಕ್ ಎಂಬ ಪದದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅರ್ಕಾವತ್ತು ಬೇಡ, ಯಕಾರ ಒತ್ತಾಗಬೇಕು. ಅದಕ್ಕಾಗಿ ರಕಾರ ಹಾಗೂ ವಿರಾಮ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕೆಂದು ಯುನಿಕೋಡ್ ವಿಧಿಸುತ್ತದೆ. ದುರ್ಗ ಸರಿ ಮೂಡಿ ರ‍್ಯಾಂಕ್ ಕೆಟ್ಟರೆ ಜೋಡಣಾ ತಂತ್ರಾಂಶ, ಫಾಂಟ್, ಊಡಿಕೆ ಈ ಮೂರರಲ್ಲಿ ಒಂದರ ಲೋಪ. ಫಾಂಟ್ ಬದಲಿಸಿ ನೋಡಿದಾಗ ಸರಿಯಾದರೆ ಲೋಪ ಫಾಂಟಿನದು. ಇಷ್ಟನ್ನು ಬಳಕೆದಾರರೇ ಪರೀಕ್ಷಿಸಬಹುದು. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸಾನ್ಸ್ ಕನ್ನಡ ಇವೆಲ್ಲ ಮುಕ್ತವಾಗಿ ದೊರೆಯುವ ಫಾಂಟುಗಳು.

ಮೂರನೆಯದು ಅಳಿಸುವಿಕೆ. ಮಾಕಳಿದುರ್ಗ ಎಂದು ಬರೆದು ಒಮ್ಮೆ ಹಿನ್ನಳಿಸುವ ಕೀಲಿ ಒತ್ತಿದರೆ ರ್ಗ ಪೂರ್ತಿ ಹೋಗಬೇಕೇ, ಗಕಾರ ಮಾತ್ರ ಹೋಗಿ ಮಾಕಳಿದುರ್ ಎಂದು ಉಳಿಯಬೇಕೇ? ಸಣ್ಣ ತಪ್ಪು ತಿದ್ದುವವರಿಗೆ ಎರಡನೆಯದು ಅನುಕೂಲ, ಹೊಸಬರಿಗೆ ಮೊದಲನೆಯದು ಸಹಜ. ಇಲ್ಲಿ ತಪ್ಪು ಯಾರದೂ ಅಲ್ಲ. ಇದು ಅಭಿಪ್ರಾಯ ಸಂಗ್ರಹಿಸಿ ತೀರ್ಮಾನಿಸಬೇಕಾದ ವಿಷಯ, ನಿಜವಾದ ಅರ್ಥದಲ್ಲಿ ಸಲಹೆ.

ನಾಲ್ಕನೆಯದು ಅಕಾರಾದಿ ಕ್ರಮ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಕೊನೆಯದು. ಯುನಿಕೋಡ್ ಸಂಕೇತಸಂಖ್ಯೆಗಳಲ್ಲಿ ಅದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಬರುತ್ತದೆ. ಸಂಕೇತಸಂಖ್ಯೆಯ ಕ್ರಮವನ್ನೇ ಅನುಸರಿಸುವ ತಂತ್ರಾಂಶ ಬಳೆ ಎಂಬ ಪದವನ್ನು ಬಸವ ಎಂಬುದಕ್ಕಿಂತ ಮುಂದೆ ಇಡುತ್ತದೆ. ನಿಘಂಟುಗಳಲ್ಲಿ ಬಸವ ಮೊದಲು. ಮತದಾರರ ಪಟ್ಟಿ, ಗ್ರಂಥಾಲಯದ ಸೂಚಿ, ಶಾಲೆಯ ಹಾಜರಿ ಪುಸ್ತಕ ಇವುಗಳಿಗೆ ಇದು ಸಣ್ಣ ಸಂಗತಿಯಲ್ಲ.

ಕನ್ನಡ ಬಳಕೆದಾರರ ಮುಖ್ಯ ಬೇಡಿಕೆಗಳು

ಎಲ್ಲಕ್ಕಿಂತ ಹಳೆಯ ಬೇಡಿಕೆ ಯುನಿಕೋಡ್‌ಪೂರ್ವ ಕಡತಗಳದು. ನುಡಿ ಹಾಗೂ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಮಾಕಳಿದುರ್ಗ ಎಂಬ ಪದ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗಿ ಕಾಣುತ್ತದೆ. ಆ ಫಾಂಟುಗಳನ್ನೇ ವಿತರಣೆಯಲ್ಲಿ ಸೇರಿಸಿ ಎಂಬ ಸಲಹೆ ಸಹಜ. ಆದರೆ ಡೆಬಿಯನ್‌ನಂತಹ ವಿತರಣೆಗಳು ಮಾರ್ಪಾಡು ಮಾಡಲು ಮತ್ತು ಮರುಹಂಚಲು ಪರವಾನಗಿ ಇರುವುದನ್ನು ಮಾತ್ರ ತಮ್ಮ ಮುಖ್ಯ ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತವೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಮುಕ್ತ ಸಾಧನವನ್ನು ಸೇರಿಸಿ ಎಂಬುದು ಹೆಚ್ಚು ಫಲಕಾರಿಯಾದ ಸಲಹೆ.

ಎರಡನೆಯದು ಅನುವಾದದ ಭಾಷೆ. ಫೈಲ್ ಎಂಬುದು ಕಡತವಾಗಬೇಕೇ, ಫೈಲ್ ಎಂದೇ ಉಳಿಯಬೇಕೇ? ಒಂದೇ ಪರದೆಯಲ್ಲಿ ಎರಡು ತಂತ್ರಾಂಶಗಳು ಒಂದೇ ಕ್ರಿಯೆಗೆ ಬೇರೆ ಬೇರೆ ಪದ ಬಳಸಿದರೆ ಬಳಕೆದಾರರು ಬೇಸತ್ತು ಇಂಗ್ಲಿಷಿಗೆ ಮರಳುತ್ತಾರೆ. ಈ ಗೊಂದಲ ನಿವಾರಿಸಲೆಂದೇ 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ಫ್ಯೂಯಲ್ ಎಂಬ ಯೋಜನೆ ಮೊದಲಾಯಿತು. ಡೆಸ್ಕ್‌ಟಾಪ್‌ನಲ್ಲಿ ಮೇಲಿಂದ ಮೇಲೆ ಬರುವ ಪದಗಳಿಗೆ ಆಯಾ ಭಾಷಾ ಸಮುದಾಯವೇ ಕುಳಿತು ಒಮ್ಮತದ ಪಟ್ಟಿ ಸಿದ್ಧಪಡಿಸುವುದು ಅದರ ಕ್ರಮ. ಪದ ಸರಿಯಿಲ್ಲ ಎನ್ನುವವರು ಬದಲಿ ಪದವನ್ನೂ, ಅದು ಬರುವ ಪೂರ್ಣ ವಾಕ್ಯವನ್ನೂ ಕೊಡಬೇಕು.

ಮೂರನೆಯದು ಧ್ವನಿ. ದೃಷ್ಟಿದೋಷವಿರುವವರಿಗಾಗಿ ಲಿನಕ್ಸ್‌ನಲ್ಲಿ ಓರ್ಕಾ ಎಂಬ ಪರದೆ ಓದುಗ ಹಾಗೂ ಕನ್ನಡವನ್ನೂ ಉಚ್ಚರಿಸುವ ಇ-ಸ್ಪೀಕ್ ಧ್ವನಿ ಸಂಶ್ಲೇಷಕ ಇವೆ. ಯಾವ ಪದದ ಉಚ್ಚಾರ ತಪ್ಪುತ್ತಿದೆ ಎಂಬುದನ್ನು ಕನ್ನಡ ಬಲ್ಲ ಬಳಕೆದಾರರಲ್ಲದೆ ಬೇರಾರೂ ಹೇಳಲಾರರು. ಇಲ್ಲಿ ಸಲಹೆ ಬರದಿದ್ದರೆ ಅಂಧ ವಿದ್ಯಾರ್ಥಿಯ ಓದಿಗೇ ತೊಡಕು.

ಬಳಕೆದಾರರ ಅಗತ್ಯಕ್ಕೆ ವಿತರಣೆ ಎಷ್ಟು ಬೇಗ ಸ್ಪಂದಿಸಬಲ್ಲದು ಎಂಬುದಕ್ಕೆ ರೂಪಾಯಿ ಚಿಹ್ನೆ ನಿದರ್ಶನ. ಕೇಂದ್ರ ಸರ್ಕಾರ ಆ ಚಿಹ್ನೆಯನ್ನು ಅಂಗೀಕರಿಸಿದ್ದು 2010ರ ಜುಲೈ 15ರಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆಯಾದ ಉಬುಂಟು 10.10ರ ಹೊಸ ಫಾಂಟಿನಲ್ಲಿ ಚಿಹ್ನೆ ಸೇರಿತ್ತು.

ಶಾಲೆಗಳ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಲಿನಕ್ಸ್ ಬಳಸುತ್ತಿರುವುದು ಇಂದು ನಿನ್ನೆಯಿಂದಲ್ಲ. ಕೇರಳ ಸರ್ಕಾರದ ಐಟಿ@ಸ್ಕೂಲ್ ಯೋಜನೆ 2000ರ ದಶಕದಲ್ಲಿಯೇ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಿತು. 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ಆ ಸಂಸ್ಥೆ 2019ರಲ್ಲಿ ಉಬುಂಟು 18.04 ಆಧರಿಸಿದ ತನ್ನದೇ ವಿತರಣೆಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗಾಗಿ ಸಿದ್ಧಪಡಿಸಿರುವುದಾಗಿ ಪ್ರಕಟಿಸಿತು. ಗಣಕ ವಿಷಯದ ಪಠ್ಯಪುಸ್ತಕಗಳು ಅಲ್ಲಿ ಕನ್ನಡದಲ್ಲಿಯೂ ಇವೆ.

ಕರ್ನಾಟಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ತರಬೇತಿ ಪಡೆದರು.

ಈ ಎರಡು ಪ್ರಯತ್ನಗಳು ತೋರಿಸುವ ಸಂಗತಿ ಒಂದಿದೆ. ಪರವಾನಗಿ ಮುಕ್ತವಾಗಿರುವುದರಿಂದ ಒಂದು ರಾಜ್ಯ, ಒಂದು ಇಲಾಖೆ ಅಥವಾ ಒಂದು ಸಂಸ್ಥೆ ತನ್ನ ಬಳಕೆದಾರರ ಬೇಡಿಕೆಗಳನ್ನು ವಿತರಣೆಯ ಮೂಲಪ್ರತಿಯಲ್ಲಿಯೇ ಅಳವಡಿಸಬಹುದು. ಕನ್ನಡ ಕೀಲಿಮಣೆ ಮೊದಲೇ ಸಕ್ರಿಯವಾಗಿರಲಿ ಎಂಬ ಒಂದು ಸಾಲಿನ ಸಲಹೆ ಒಪ್ಪಿಗೆಯಾದರೆ, ಪ್ರತಿ ಶಾಲೆಯ ಪ್ರತಿ ಗಣಕದಲ್ಲಿ ಅದನ್ನು ಕೈಯಾರೆ ಹೊಂದಿಸುವ ಶ್ರಮ ತಪ್ಪುತ್ತದೆ.

ಒಪ್ಪಿಗೆಯಾಗದ ಸಲಹೆಗಳು

ಎಲ್ಲ ಸಲಹೆಗಳೂ ಫಲಿಸುವುದಿಲ್ಲ. 2010ರ ಏಪ್ರಿಲಿನಲ್ಲಿ ಬಂದ ಉಬುಂಟು 10.04ರಲ್ಲಿ ಕಿಟಕಿ ಮುಚ್ಚುವ ಗುಂಡಿಗಳನ್ನು ಬಲಗಡೆಯಿಂದ ಎಡಗಡೆಗೆ ಸರಿಸಲಾಯಿತು. ಬಳಕೆದಾರರಿಂದ ತೀವ್ರ ಆಕ್ಷೇಪ ಬಂದರೂ, ಇಂತಹ ತೀರ್ಮಾನಗಳು ಮತದಾನದಿಂದ ಆಗುವುದಿಲ್ಲ ಎಂದು ಶಟಲ್‌ವರ್ತ್ ಸ್ಪಷ್ಟಪಡಿಸಿದರು. ಗುಂಡಿಗಳು ಬಲಗಡೆಗೆ ಮರಳಿದ್ದು ಗ್ನೋಮ್ ಪರಿಸರವನ್ನು ಅಳವಡಿಸಿಕೊಂಡ 2017ರ ಅಕ್ಟೋಬರ್ ಆವೃತ್ತಿಯಲ್ಲಿ.

ಆದರೆ ಇಲ್ಲಿ ನಿರಾಕರಣೆಯೇ ಕೊನೆಯ ಮಾತಲ್ಲ. 2011ರ ಏಪ್ರಿಲಿನಲ್ಲಿ ಗ್ನೋಮ್ 3 ಹೊರಬಂದಾಗ ಹಳೆಯ ವಿನ್ಯಾಸಕ್ಕೆ ಒಗ್ಗಿದ್ದ ಅನೇಕರಿಗೆ ಅದು ಹಿಡಿಸಲಿಲ್ಲ. ಒಂದು ಗುಂಪು ಹಳೆಯ ಗ್ನೋಮ್ 2ನ್ನೇ ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿತು. ಲಿನಕ್ಸ್ ಮಿಂಟ್ ತಂಡ ಸಿನಮನ್ ಎಂಬ ತನ್ನದೇ ಡೆಸ್ಕ್‌ಟಾಪ್ ಕಟ್ಟಿತು. ಮೂಲ ಸಂಕೇತವನ್ನು ಪಡೆದು ಬೇರೆ ದಾರಿ ಹಿಡಿಯುವ ಹಕ್ಕು ಪರವಾನಗಿಯಲ್ಲಿಯೇ ಇರುವುದರಿಂದ ಇದು ಸಾಧ್ಯವಾಯಿತು. ಅದಕ್ಕೆ ಬೇಕಾದ ದುಡಿಮೆ ಮಾತ್ರ ದೊಡ್ಡದು.

ಉತ್ತಮ ಸಲಹೆಯ ಲಕ್ಷಣಗಳು

* ಒಂದು ವರದಿಯಲ್ಲಿ ಒಂದೇ ವಿಷಯವಿರಲಿ. ಹತ್ತು ಬೇಡಿಕೆಗಳನ್ನು ಒಟ್ಟಿಗೆ ಬರೆದರೆ ಯಾವುದಕ್ಕೂ ಹೊಣೆಗಾರರು ಸಿಗುವುದಿಲ್ಲ.

* ವಿತರಣೆಯ ಹೆಸರು, ಆವೃತ್ತಿ, ಡೆಸ್ಕ್‌ಟಾಪ್ ಪರಿಸರ, ತಂತ್ರಾಂಶ, ಫಾಂಟ್, ಕೀಲಿಮಣೆ ಇವನ್ನು ತಪ್ಪದೆ ನಮೂದಿಸಬೇಕು.

* ಒತ್ತಿದ ಕೀಲಿಗಳ ಕ್ರಮ, ಮೂಡಿದ್ದು ಏನು, ಮೂಡಬೇಕಾಗಿದ್ದು ಏನು ಎಂಬ ಮೂರು ಅಂಶಗಳು ಬೇಕು. ಪರದೆಯ ಚಿತ್ರದ ಜೊತೆಗೆ ಪಠ್ಯವನ್ನೂ ಅಂಟಿಸಬೇಕು. ಚಿತ್ರ ಮಾತ್ರವಿದ್ದರೆ ಒಳಗಿನ ಸಂಕೇತಗಳು ತಿಳಿಯುವುದಿಲ್ಲ.

* ಕನ್ನಡ ಓದಲು ಬಾರದ ತಂತ್ರಜ್ಞರಿಗೂ ಅರ್ಥವಾಗುವಂತೆ ವಿವರಿಸಬೇಕು. ಅರ್ಕಾವತ್ತು ಎಂದರೆ ಏನೆಂದು ಅವರಿಗೆ ತಿಳಿದಿರುವುದಿಲ್ಲ. ಸರಿಯಾದ ಆಕಾರವನ್ನು ಅಚ್ಚಾದ ಪುಸ್ತಕದ ಚಿತ್ರದಿಂದ ತೋರಿಸಬಹುದು.

* ಅದೇ ವಿಷಯವನ್ನು ಮತ್ತೊಬ್ಬರು ಈಗಾಗಲೇ ವರದಿ ಮಾಡಿದ್ದರೆ ಹೊಸದನ್ನು ತೆರೆಯದೆ ಅಲ್ಲಿಯೇ ತಮ್ಮ ಅನುಭವ ಸೇರಿಸುವುದು ಲೇಸು.

* ಮರುಪ್ರಶ್ನೆ ಬಂದಾಗ ಉತ್ತರಿಸಬೇಕು. ತಿದ್ದಿದ ಆವೃತ್ತಿ ಬಂದ ಮೇಲೆ ಪರೀಕ್ಷಿಸಿ ಫಲಿತಾಂಶ ತಿಳಿಸಬೇಕು.

ಮೌನದ ಪರಿಣಾಮ

ಮಾರಾಟದ ತಂತ್ರಾಂಶವಾದರೆ ಗ್ರಾಹಕರ ಸಂಖ್ಯೆ ಕಂಪನಿಗೆ ತಿಳಿದಿರುತ್ತದೆ. ಉಚಿತವಾಗಿ ಪ್ರತಿ ಮಾಡಿಕೊಳ್ಳುವ ಲಿನಕ್ಸ್ ವಿತರಣೆಗಳಿಗೆ ತಮ್ಮನ್ನು ಕನ್ನಡದಲ್ಲಿ ಎಷ್ಟು ಜನ ಬಳಸುತ್ತಾರೆ ಎಂಬ ಖಚಿತ ಲೆಕ್ಕ ಸಿಗುವುದಿಲ್ಲ. ಬರುವ ವರದಿಗಳು, ಸಲಹೆಗಳು ಹಾಗೂ ಅನುವಾದಗಳೇ ಆ ಭಾಷೆ ಬಳಕೆಯಲ್ಲಿದೆ ಎಂಬುದಕ್ಕೆ ಅವರಿಗಿರುವ ಕುರುಹು. ಗ್ನೋಮ್ ಯೋಜನೆಯಲ್ಲಿ ಶೇ. 80ರಷ್ಟು ಸಾಲುಗಳು ಅನುವಾದವಾಗಿದ್ದರೆ ಮಾತ್ರ ಆ ಭಾಷೆಗೆ ಬೆಂಬಲವಿದೆ ಎಂದು ಪರಿಗಣಿಸುವ ರೂಢಿ ಇದೆ. ಪ್ರತಿ ಆವೃತ್ತಿಯಲ್ಲಿಯೂ ಹೊಸ ಸಾಲುಗಳು ಸೇರುತ್ತವೆ. ಹಿಂದೆ ಮುಗಿಸಿದ್ದ ಕೆಲಸ ಸುಮ್ಮನಿದ್ದರೆ ತಾನಾಗಿಯೇ ಹಿಂದೆ ಬೀಳುತ್ತದೆ.

ಕನ್ನಡ ಆರಿಸಿಕೊಂಡ ಪರದೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣುವುದಕ್ಕೆ ಇದೇ ಕಾರಣ. ಅದನ್ನು ಕಂಡವರು ಇಂಗ್ಲಿಷಿಗೆ ಬದಲಾಯಿಸಿಕೊಳ್ಳುತ್ತಾರೆ. ಬಳಸುವವರು ಕಡಿಮೆಯಾದಂತೆ ವರದಿ ಕಡಿಮೆಯಾಗುತ್ತದೆ, ತಿದ್ದುಪಡಿಯೂ ನಿಲ್ಲುತ್ತದೆ. ಇಂಗ್ಲಿಷ್ ಬಲ್ಲ ನಗರವಾಸಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಕನ್ನಡ ಮಾತ್ರ ಓದಬಲ್ಲ ಗ್ರಾಮ ಪಂಚಾಯಿತಿ ಸದಸ್ಯ, ಕನ್ನಡ ಮಾಧ್ಯಮದ ವಿದ್ಯಾರ್ಥಿ, ಹಳೆಯ ಗಣಕವನ್ನೇ ನೆಚ್ಚಿಕೊಂಡ ಸಣ್ಣ ಮುದ್ರಣಾಲಯ ಇವರಿಗೆ ಬೇರೆ ದಾರಿ ಇರುವುದಿಲ್ಲ.

ಸಂಕೇತ ಬರೆಯಲು ಬಾರದವರೂ ಮಾಡಬಹುದಾದ ಕೆಲಸ ಇದು. ಹೊಸ ಆವೃತ್ತಿಯನ್ನು ಅನುಸ್ಥಾಪಿಸಿದ ದಿನ ತಮ್ಮ ಊರಿನ ಹೆಸರು, ತಮ್ಮ ಹೆಸರು, ರ‍್ಯಾಂಕ್‌ನಂತಹ ನಾಲ್ಕಾರು ಕಠಿಣ ಪದಗಳನ್ನು ಬರೆದು, ಉಳಿಸಿ, ಮುದ್ರಿಸಿ, ಅಕಾರಾದಿಯಾಗಿ ಜೋಡಿಸಿ ನೋಡಲು ಕಾಲು ಗಂಟೆ ಸಾಕು. ಎಲ್ಲಿಯಾದರೂ ತಪ್ಪು ಕಂಡರೆ ಆ ಪದ, ಆ ಫಾಂಟ್, ಆ ಆವೃತ್ತಿ ಇಷ್ಟನ್ನು ಬರೆದು ಕಳುಹಿಸಿದರೆ ಮುಂದಿನ ಕೆಲಸಕ್ಕೆ ಆಧಾರವಾಗುತ್ತದೆ.